ತಗ್ಗು ತೋಡುವ ಮುನ್ನ: ಗುತ್ತಿಗೆದಾರರ ಪರವಾನಗಿ ಮತ್ತು ವಿಮೆ

ಹೋದ ವರ್ಷದ ಮಳೆಗಾಲದಲ್ಲಿ ನಮ್ಮ ಓಣಿಯಲ್ಲಿ ಪೈಪ್ ಹಾಕಲು ತಗ್ಗು ತೋಡಿದ್ದರು. ಎರಡು ದಿನ ಮಳೆ ಹಿಡಿದಿತ್ತು. ಮೂರನೇ ದಿನ ಕೆಲಸ ಮತ್ತೆ ಶುರುವಾದಾಗ ತಗ್ಗಿನ ಒಂದು ಬದಿಯ ಮಣ್ಣು ಕುಸಿದು, ಒಳಗೆ ಇಳಿದಿದ್ದ ನಮ್ಮ ನೆರೆಮನೆಯ ಚಾಚಾ ಅವರ ಕಾಲಿನ ಮೇಲೆ ಬಿತ್ತು. ಎಲುಬು ಮುರಿಯಿತು. ಮೇಸ್ತ್ರಿ ಮೊದಲ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸ್ವಲ್ಪ ಹಣ ಕಟ್ಟಿದ. ಆಮೇಲೆ ಅವನ ಫೋನ್ ಹತ್ತಲಿಲ್ಲ. ಕೆಲಸ ಕೊಟ್ಟ ಗುತ್ತೇದಾರ ಯಾರು ಎಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸ್ಥಳದಲ್ಲಿ ಒಂದು ಬೋರ್ಡ್ ಕೂಡ ಇರಲಿಲ್ಲ.

ಚಾಚಾ ಮೂರು ತಿಂಗಳು ಮನೆಯಲ್ಲೇ ಕುಳಿತರು. ಅವರ ಮಗಳು ಆಗಷ್ಟೇ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಆ ವರ್ಷ ಅವಳು ಕಾಲೇಜಿಗೆ ಸೇರಲಿಲ್ಲ. ಒಂದು ಸಂಜೆ ನೋಡಲು ಹೋದಾಗ ಚಾಚಾ ನನ್ನನ್ನು ಕೇಳಿದರು: “ಬೇಟಾ, ನೀನು ಕಾಮರ್ಸ್ ಓದ್ತೀಯಲ್ಲ, ಇದಕ್ಕೆ ಯಾರು ಜವಾಬ್ದಾರ?” ನನಗೆ ಉತ್ತರ ಗೊತ್ತಿರಲಿಲ್ಲ. ಪ್ರಥಮ ಪಿಯುಸಿಯಲ್ಲಿ ವಿಮೆಯ ತತ್ವಗಳನ್ನು ಓದಿ ಪರೀಕ್ಷೆಯಲ್ಲಿ ಅಂಕ ತೆಗೆದುಕೊಂಡಿದ್ದೆ. ಆದರೆ ಆ ತತ್ವಗಳು ನಮ್ಮ ಓಣಿಯ ತಗ್ಗಿನಲ್ಲಿ ಎಲ್ಲಿವೆ ಎಂದು ಯೋಚಿಸಿರಲಿಲ್ಲ. ಈ ಲೇಖನ ಅದೇ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

1. ಯಾರ ಕೆಲಸ, ಯಾರ ರಸ್ತೆ?

ಒಂದು ಊರಿನ ರಸ್ತೆಯ ಕೆಳಗೆ ಮತ್ತು ಮೇಲೆ ಬೇರೆ ಬೇರೆ ಸಂಸ್ಥೆಗಳ ಸೊತ್ತು ಇರುತ್ತದೆ. ಕುಷ್ಟಗಿಯಲ್ಲಿ ಊರೊಳಗಿನ ರಸ್ತೆ, ಚರಂಡಿ, ನಳದ ನೀರು ಪುರಸಭೆಯ ಹೊಣೆ. ವಿದ್ಯುತ್ ಕಂಬ ಮತ್ತು ತಂತಿ ಜೆಸ್ಕಾಂನವು. ದೊಡ್ಡ ನೀರಿನ ಯೋಜನೆ, ಒಳಚರಂಡಿ ಯೋಜನೆಗಳನ್ನು ನಗರಗಳಲ್ಲಿ ಹೆಚ್ಚಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಮಾಡಿಸುತ್ತದೆ. ಇಂಟರ್ನೆಟ್ ಕೇಬಲ್ ಟೆಲಿಕಾಂ ಕಂಪನಿಗಳದು. ಇವರಲ್ಲಿ ಯಾರೂ ಎಲ್ಲ ಕೆಲಸವನ್ನೂ ತಮ್ಮ ನೌಕರರಿಂದಲೇ ಮಾಡಿಸುವುದಿಲ್ಲ. ಟೆಂಡರ್ ಕರೆಯುತ್ತಾರೆ. ಗುತ್ತಿಗೆದಾರ ಕೆಲಸ ಹಿಡಿಯುತ್ತಾನೆ, ಅದರಲ್ಲಿ ಸ್ವಲ್ಪವನ್ನು ಉಪಗುತ್ತಿಗೆದಾರನಿಗೆ ಕೊಡುತ್ತಾನೆ, ಅವನು ಮೇಸ್ತ್ರಿಗೆ ಹೇಳುತ್ತಾನೆ, ಮೇಸ್ತ್ರಿ ಬೆಳಿಗ್ಗೆ ಸರ್ಕಲ್‌ನಲ್ಲಿ ನಿಂತ ಕೂಲಿಗಳನ್ನು ಕರೆಯುತ್ತಾನೆ. ಹೀಗೆ ಮೇಲಿನಿಂದ ಕೆಳಗಿನವರೆಗೆ ನಾಲ್ಕೈದು ಮೆಟ್ಟಿಲು. ಲಾಭ ಮೇಲಿನಿಂದ ಕೆಳಗೆ ಇಳಿಯುತ್ತಾ ಕಡಿಮೆಯಾಗುತ್ತದೆ, ಅಪಾಯ ಮಾತ್ರ ಕೆಳಗಿನ ಮೆಟ್ಟಿಲಲ್ಲಿ ಎಲ್ಲಕ್ಕಿಂತ ಹೆಚ್ಚು.

ಪರವಾನಗಿ ಮತ್ತು ವಿಮೆ ಎಂಬ ಎರಡು ಕಾಗದಗಳು ಈ ಮೆಟ್ಟಿಲುಗಳನ್ನು ಒಂದಕ್ಕೊಂದು ಕಟ್ಟುವ ಹಗ್ಗದಂತೆ. ಹಗ್ಗ ಇದ್ದರೆ ಕೆಳಗೆ ಬಿದ್ದವನ ಭಾರ ಮೇಲಿನವರೆಗೂ ತಲುಪುತ್ತದೆ.

ಒಂದು ಸಣ್ಣ ಮಾತು. ನಮ್ಮ ಮನೆಗಳಲ್ಲಿ ‘ಬೀಮಾ’ ಎನ್ನುತ್ತೇವೆ, ಪುಸ್ತಕದಲ್ಲಿ ‘ವಿಮೆ’ ಎಂದಿದೆ. ಎರಡೂ ಒಂದೇ ಪದ. ಪರವಾನಗಿ, ಕರಾರು, ಜಾಮೀನು, ಜವಾಬ್ದಾರಿ ಇವೂ ಫಾರಸಿ, ಅರಬ್ಬಿಯಿಂದ ಕನ್ನಡಕ್ಕೆ ಬಂದ ಪದಗಳು. ಆದ್ದರಿಂದ ಕನ್ನಡ ಮಾಧ್ಯಮದ ವ್ಯವಹಾರ ಅಧ್ಯಯನ ಕಷ್ಟ ಎಂದು ಹೆದರುವ ನಮ್ಮ ಗೆಳೆಯರು ಗಮನಿಸಬೇಕು. ಈ ಅಧ್ಯಾಯದ ಅರ್ಧ ಪದಗಳು ನಮಗೆ ಮನೆಯಿಂದಲೇ ಗೊತ್ತು.

2. ಪರವಾನಗಿ ಎಂದರೆ ಒಂದೇ ಕಾಗದವಲ್ಲ

‘ಅವನ ಹತ್ತಿರ ಲೈಸೆನ್ಸ್ ಇದೆ’ ಎಂದು ಹೇಳಿದರೆ ಯಾವ ಲೈಸೆನ್ಸ್ ಎಂದು ಕೇಳಬೇಕು. ಕನಿಷ್ಠ ನಾಲ್ಕು ಬೇರೆ ಬೇರೆ ಕಾಗದಗಳಿವೆ.

ಮೊದಲನೆಯದು, ಕೆಲಸ ಬಲ್ಲವನು ಎಂಬ ಪರವಾನಗಿ. ಇದಕ್ಕೆ ವಿದ್ಯುತ್ ಕೆಲಸ ಒಳ್ಳೆಯ ಉದಾಹರಣೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳ ಪ್ರಕಾರ ವಿದ್ಯುತ್ ಅಳವಡಿಕೆಯ ಕೆಲಸವನ್ನು ರಾಜ್ಯ ಸರ್ಕಾರದಿಂದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನೇ ಮಾಡಬೇಕು. ಅರ್ಹತಾ ಪತ್ರ ಇರುವ ಮೇಲ್ವಿಚಾರಕ ಸ್ಥಳದಲ್ಲಿರಬೇಕು, ಕೆಲಸ ಮಾಡುವವನ ಹತ್ತಿರ ವೈರ್‌ಮನ್ ಪರ್ಮಿಟ್ ಇರಬೇಕು. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಿಸುವಂಥ ಸಣ್ಣ ಕೆಲಸಗಳಿಗೆ ಮಾತ್ರ ವಿನಾಯಿತಿ. ನಮ್ಮ ರಾಜ್ಯದಲ್ಲಿ ಈ ಪರವಾನಗಿಗಳನ್ನು ವಿದ್ಯುತ್ ಪರಿವೀಕ್ಷಣಾಲಯ ನೋಡಿಕೊಳ್ಳುತ್ತದೆ, ಪುರಸಭೆಯಲ್ಲ. ಹೊಸ ಮನೆಗೆ ಕರೆಂಟ್ ಸಂಪರ್ಕ ಕೇಳುವಾಗ ವೈರಿಂಗ್ ಮುಗಿದ ವರದಿಗೆ ಪರವಾನಗಿ ಇರುವ ಗುತ್ತಿಗೆದಾರನ ಸಹಿ ಬೇಕಾಗುವುದು ಇದಕ್ಕೇ. ಬೇರೆಯವರು ವೈರಿಂಗ್ ಮಾಡಿ, ಸಹಿ ಮಾತ್ರ ಲೈಸೆನ್ಸ್ ಇರುವವರಿಂದ ಹಾಕಿಸಿಕೊಂಡರೆ ಕಾಗದ ಪೂರ್ತಿಯಾಗಬಹುದು, ಸುರಕ್ಷತೆ ಪೂರ್ತಿಯಾಗುವುದಿಲ್ಲ.

ಎರಡನೆಯದು, ಸರ್ಕಾರಿ ಕೆಲಸ ಹಿಡಿಯುವ ಅರ್ಹತೆ. ಲೋಕೋಪಯೋಗಿ ಇಲಾಖೆಯಲ್ಲಿ ಗುತ್ತಿಗೆದಾರರನ್ನು ದರ್ಜೆಗಳ ಪ್ರಕಾರ ನೋಂದಣಿ ಮಾಡುತ್ತಾರೆ. ದರ್ಜೆ ಮೇಲೇರಿದಂತೆ ಹೆಚ್ಚು ಮೊತ್ತದ ಕೆಲಸ ಹಿಡಿಯಬಹುದು. ಟೆಂಡರ್ ಹೇಗೆ ಕರೆಯಬೇಕು ಎಂಬುದಕ್ಕೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999 ಇದೆ. ಟೆಂಡರ್ ಹಾಕುವಾಗ ಇಎಂಡಿ, ಕೆಲಸ ಸಿಕ್ಕ ಮೇಲೆ ಭದ್ರತಾ ಠೇವಣಿ ಕಟ್ಟಬೇಕು. ಕೆಲಸ ಮುಗಿದ ನಂತರವೂ ಒಪ್ಪಂದದಲ್ಲಿ ಹೇಳಿದ ಅವಧಿಯವರೆಗೆ ದೋಷ ಕಂಡುಬಂದರೆ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು.

ಮೂರನೆಯದು, ರಸ್ತೆ ಅಗೆಯುವ ಅನುಮತಿ. ಟೆಂಡರ್ ಸಿಕ್ಕಿತು ಎಂದರೆ ರಸ್ತೆ ಒಡೆಯಲು ಅನುಮತಿ ಸಿಕ್ಕಿತು ಎಂದಲ್ಲ. ರಸ್ತೆ ಯಾರದು ಎಂದು ಮೊದಲು ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಕೊಪ್ಪಳ ಮತ್ತು ಗಂಗಾವತಿಗೆ ನಗರಸಭೆ, ಕುಷ್ಟಗಿಗೆ ಪುರಸಭೆ, ಯಲಬುರ್ಗಾಕ್ಕೆ ಪಟ್ಟಣ ಪಂಚಾಯಿತಿ ಇದೆ. ಎಲ್ಲವೂ ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ ಅಡಿಯಲ್ಲಿ ನಡೆಯುತ್ತವೆ. ಊರೊಳಗಿನ ರಸ್ತೆಯಾದರೆ ಇವುಗಳನ್ನು ಕೇಳಬೇಕು. ಲೋಕೋಪಯೋಗಿ ಇಲಾಖೆಯ ರಸ್ತೆಯಾದರೆ ಆ ಇಲಾಖೆಯನ್ನು, ಕುಷ್ಟಗಿಯಲ್ಲಿ ಹಾದುಹೋಗುವ 50ನೇ ನಂಬರಿನ ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಅಧಿಕಾರಿಗಳನ್ನು ಕೇಳಬೇಕು. ಅನುಮತಿ ಕೊಡುವಾಗ ರಸ್ತೆಯನ್ನು ಮೊದಲಿನಂತೆ ಮಾಡುವ ಖರ್ಚನ್ನು ಕಟ್ಟಿಸಿಕೊಳ್ಳುತ್ತಾರೆ ಅಥವಾ ಅದಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳುತ್ತಾರೆ. ಟೆಲಿಕಾಂ ಕೇಬಲ್‌ಗೆ ಬೇರೆ ಮಾರ್ಗ ಹಕ್ಕಿನ ನಿಯಮಗಳಿವೆ. 2024ರ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ.

ಅಗೆಯುವ ಮುನ್ನ ಕೆಳಗೆ ಏನಿದೆ ಎಂದು ತಿಳಿಯಬೇಕು. ಇದಕ್ಕಾಗಿ ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಆರಂಭಿಸಿತು. ಅಗೆಯುವವನು ಸ್ಥಳ ಮತ್ತು ದಿನಾಂಕ ತಿಳಿಸಿದರೆ ಅಲ್ಲಿ ಕೇಬಲ್ ಅಥವಾ ಪೈಪ್ ಇರುವ ಸಂಸ್ಥೆಗೆ ಸುದ್ದಿ ಹೋಗುತ್ತದೆ. ಗೊತ್ತಿಲ್ಲದೆ ಅಗೆಯುವುದರಿಂದ ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಕಡೆ ಆಪ್ಟಿಕಲ್ ಫೈಬರ್ ತುಂಡಾಗುತ್ತದೆ, ಸುಮಾರು 3,000 ಕೋಟಿ ರೂಪಾಯಿ ನಷ್ಟವಾಗುತ್ತದೆ ಎಂದು ಆಗ ಸರ್ಕಾರವೇ ಹೇಳಿತ್ತು.

ನಾಲ್ಕನೆಯದು, ಕಾರ್ಮಿಕರಿಗೆ ಸಂಬಂಧಿಸಿದ ನೋಂದಣಿ. ನಿಗದಿತ ಸಂಖ್ಯೆಗಿಂತ ಹೆಚ್ಚು ಗುತ್ತಿಗೆ ಕಾರ್ಮಿಕರನ್ನು ಇಟ್ಟುಕೊಳ್ಳುವವನು ಕಾರ್ಮಿಕ ಇಲಾಖೆಯ ಪರವಾನಗಿ ಪಡೆಯಬೇಕು. ಕಟ್ಟಡ ಮತ್ತು ಇತರ ನಿರ್ಮಾಣ ಕಾಮಗಾರಿಯ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ಕಟ್ಟಬೇಕು. ಸರ್ಕಾರಿ ಕೆಲಸವಾದರೆ ಬಿಲ್ಲಿನಲ್ಲೇ ಹಿಡಿಯುತ್ತಾರೆ. ಈ ಹಣ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಕಾರ್ಮಿಕ ಅಲ್ಲಿ ನೋಂದಣಿ ಮಾಡಿಸಬಹುದು.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಯಾವ ಪರವಾನಗಿಯೂ ಒಪ್ಪಿಗೆ ಕೊಡದ ಕೆಲಸ ಒಂದಿದೆ. ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿ ಗುಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 20ರಂದು ತೀರ್ಪು ನೀಡಿತು. ಮೊದಲು ಈ ಮೊತ್ತ 10 ಲಕ್ಷ ಇತ್ತು.

3. ವಿಮೆ: ಮೂರು ನಷ್ಟಗಳು, ಮೂರು ಪಾಲಿಸಿಗಳು

ಕೆಲಸದ ಸ್ಥಳದಲ್ಲಿ ಮೂರು ರೀತಿಯ ನಷ್ಟ ಆಗಬಹುದು. ಕೆಲಸಗಾರನಿಗೆ ಪೆಟ್ಟಾಗಬಹುದು. ದಾರಿಹೋಕನಿಗೆ ಅಥವಾ ಪಕ್ಕದ ಮನೆಗೆ ಹಾನಿಯಾಗಬಹುದು. ಕಾಮಗಾರಿಗೋ ಯಂತ್ರಕ್ಕೋ ನಷ್ಟವಾಗಬಹುದು. ಒಂದೇ ಪಾಲಿಸಿ ಎಲ್ಲಕ್ಕೂ ಸಾಲುವುದಿಲ್ಲ.

ಕಾಮಗಾರಿಯ ನಷ್ಟಕ್ಕೆ ‘ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್’ ಪಾಲಿಸಿ ಇದೆ. ಅದರ ಮೊದಲ ಭಾಗ ಕಾಮಗಾರಿಗೆ, ಎರಡನೇ ಭಾಗ ಮೂರನೆಯವರಿಗೆ ಆಗುವ ಹಾನಿಗೆ. ದೊಡ್ಡ ಕಾಮಗಾರಿಗಳ ಒಪ್ಪಂದದಲ್ಲಿ ಇಂಥ ವಿಮೆಯನ್ನು ಕೆಲಸ ಕೊಟ್ಟವರು ಮತ್ತು ಗುತ್ತಿಗೆದಾರ ಇಬ್ಬರ ಹೆಸರಿನಲ್ಲೂ ಮಾಡಿಸಬೇಕು ಎಂಬ ಷರತ್ತು ಇರುತ್ತದೆ. ಗುತ್ತಿಗೆದಾರ ಮಾಡಿಸದಿದ್ದರೆ ಕೆಲಸ ಕೊಟ್ಟವರೇ ಪ್ರೀಮಿಯಂ ಕಟ್ಟಿ ಅವನ ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು. ರಸ್ತೆಯ ಮೇಲೆ ಓಡುವ ಜೆಸಿಬಿಗೆ ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಮೂರನೆಯವರ ವಿಮೆ ಕಡ್ಡಾಯ.

ಮೂರನೆಯವರು ಎಂದರೆ ಯಾರು? 2023ರ ನವೆಂಬರ್ 19ರ ಬೆಳಗಿನ ಜಾವ ಬೆಂಗಳೂರಿನ ವೈಟ್‌ಫೀಲ್ಡ್ ಹೋಪ್ ಫಾರ್ಮ್ ಜಂಕ್ಷನ್ ಬಳಿ ಪಾದಚಾರಿ ಮಾರ್ಗದ ಮೇಲೆ ಬಿದ್ದಿದ್ದ ವಿದ್ಯುತ್ ತಂತಿ ತುಳಿದು 23 ವರ್ಷದ ತಾಯಿ, ಅವಳ 9 ತಿಂಗಳ ಮಗು ತೀರಿಕೊಂಡರು. ಅವರು ಯಾವ ಒಪ್ಪಂದಕ್ಕೂ ಸಹಿ ಹಾಕಿದವರಲ್ಲ, ದಾರಿಯಲ್ಲಿ ನಡೆದವರು ಅಷ್ಟೇ. ಇಂಥವರಿಗಾಗಿಯೇ ವಿದ್ಯುತ್ ಕಾಯ್ದೆ, 2003ರ 67ನೇ ಕಲಂ ಇದೆ. ವಿದ್ಯುತ್ ಸಂಸ್ಥೆ ತನ್ನ ಕೆಲಸದಲ್ಲಿ ಆದಷ್ಟು ಕಡಿಮೆ ಹಾನಿ ಮಾಡಬೇಕು, ತಾನು ಅಥವಾ ತಾನು ನೇಮಿಸಿದವರು ಮಾಡಿದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕು ಎಂದು ಅದು ಹೇಳುತ್ತದೆ. ‘ನೇಮಿಸಿದವರು’ ಎಂಬ ಮಾತು ಮುಖ್ಯ.

ಈಗ ಚಾಚಾ ಅವರ ವಿಷಯಕ್ಕೆ ಬರೋಣ. ಕೆಲಸಗಾರನ ಪೆಟ್ಟಿಗೆ 2025ರವರೆಗೆ ನೌಕರರ ಪರಿಹಾರ ಕಾಯ್ದೆ, 1923 ಇತ್ತು. ಇದರ ಲೆಕ್ಕದ ಸೂತ್ರವೇ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಇಎಸ್‌ಐ ವ್ಯಾಪ್ತಿಗೆ ಸೇರಿದ ಕೆಲಸಗಾರನಿಗೆ ಅಲ್ಲಿಂದ ಸೌಲಭ್ಯ ಸಿಗುತ್ತದೆ, ಉಳಿದವರಿಗೆ ಈ ಪರಿಹಾರ. ದಿನಗೂಲಿಯವನು ಎಂಬ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ. ಲೆಕ್ಕ ಹೀಗಿದೆ:

ಮರಣವಾದರೆ: ತಿಂಗಳ ಕೂಲಿಯ ಶೇ. 50 × ವಯಸ್ಸಿನ ಗುಣಾಂಕ (1923ರ ಕಾಯ್ದೆಯಲ್ಲಿ ಕನಿಷ್ಠ 1,20,000 ರೂ. ಇತ್ತು)
ಪೂರ್ಣ ಶಾಶ್ವತ ಅಂಗವಿಕಲತೆ: ತಿಂಗಳ ಕೂಲಿಯ ಶೇ. 60 × ವಯಸ್ಸಿನ ಗುಣಾಂಕ (1923ರ ಕಾಯ್ದೆಯಲ್ಲಿ ಕನಿಷ್ಠ 1,40,000 ರೂ. ಇತ್ತು)
ತಾತ್ಕಾಲಿಕ ಅಂಗವಿಕಲತೆ: ಪ್ರತಿ ಹದಿನೈದು ದಿನಕ್ಕೆ ತಿಂಗಳ ಕೂಲಿಯ ಶೇ. 25 (ಹೆಚ್ಚೆಂದರೆ 5 ವರ್ಷ)
ಚಿಕಿತ್ಸೆ: ನಿಜವಾಗಿ ಆದ ವೈದ್ಯಕೀಯ ಖರ್ಚು

2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದಂತೆ ಈ ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿ 15,000 ರೂ. ಅದಕ್ಕಿಂತ ಹೆಚ್ಚು ದುಡಿದರೂ 15,000 ಎಂದೇ ಹಿಡಿಯುತ್ತಾರೆ. ಗುಣಾಂಕ ಕಾನೂನಿನ ಪಟ್ಟಿಯಲ್ಲಿದೆ: 25 ವರ್ಷಕ್ಕೆ 216.91, 30ಕ್ಕೆ 207.98, 40ಕ್ಕೆ 184.17.

ಉದಾಹರಣೆ 1: ತಿಂಗಳಿಗೆ 15,000 ರೂ. ದುಡಿಯುವ 25 ವರ್ಷದ ಕೆಲಸಗಾರ ಕೆಲಸದಲ್ಲಿ ತೀರಿಕೊಂಡರೆ 7,500 × 216.91 = 16,26,825 ರೂ.

ಉದಾಹರಣೆ 2: ತಿಂಗಳಿಗೆ 12,000 ರೂ. ದುಡಿಯುವವನು ಕಾಲು ಮುರಿದು ಮೂರು ತಿಂಗಳು ಮನೆಯಲ್ಲಿದ್ದರೆ ಹದಿನೈದು ದಿನಕ್ಕೆ 3,000 ರೂ., ಮೂರು ತಿಂಗಳಿಗೆ 18,000 ರೂ. ಆಸ್ಪತ್ರೆಯ ಖರ್ಚು ಬೇರೆ.

ಎರಡನೇ ಉದಾಹರಣೆಯ ಮೊತ್ತ ದೊಡ್ಡದೇನಲ್ಲ. ಆದರೆ ಒಂದು ಹುಡುಗಿಯ ಕಾಲೇಜು ಪ್ರವೇಶಕ್ಕೆ ಅದು ಸಾಕಾಗಿತ್ತು.

1923ರ ಕಾಯ್ದೆಯಲ್ಲಿ ಪರಿಹಾರವನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12ರ ಬಡ್ಡಿ ಕೊಡಬೇಕಿತ್ತು. ಸರಿಯಾದ ಕಾರಣವಿಲ್ಲದೆ ತಡಮಾಡಿದರೆ ಮೊತ್ತದ ಶೇ. 50ರವರೆಗೆ ದಂಡವೂ ಬೀಳಬಹುದಿತ್ತು. ಅರ್ಜಿ ಹಾಕಲು ಅಪಘಾತದಿಂದ ಎರಡು ವರ್ಷದ ಸಮಯವಿತ್ತು.

4. ಮೇಸ್ತ್ರಿ ಓಡಿಹೋದರೆ?

ನನಗೆ ಎಲ್ಲಕ್ಕಿಂತ ಹೊಸದಾಗಿ ತಿಳಿದ ವಿಷಯ ಇದು. 1923ರ ಕಾಯ್ದೆಯ 12ನೇ ಕಲಂ ಪ್ರಕಾರ, ಒಬ್ಬನು ತನ್ನ ವ್ಯವಹಾರದ ಭಾಗವಾದ ಕೆಲಸವನ್ನು ಗುತ್ತಿಗೆ ಕೊಟ್ಟಿದ್ದರೆ, ಗುತ್ತಿಗೆದಾರನ ಕೆಲಸಗಾರನಿಗೂ ಅವನೇ ಪರಿಹಾರ ಕೊಡಬೇಕಾಗಿತ್ತು. ಕೊಟ್ಟ ಮೇಲೆ ಆ ಹಣವನ್ನು ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದಿತ್ತು. ಸ್ಥಳೀಯ ಸಂಸ್ಥೆ ತನ್ನ ಕರ್ತವ್ಯ ಮಾಡುವುದನ್ನೂ ಈ ಕಾಯ್ದೆ ‘ವ್ಯವಹಾರ’ ಎಂದೇ ಎಣಿಸುತ್ತಿತ್ತು. ಅಂದರೆ ಮೇಸ್ತ್ರಿಯ ಫೋನ್ ಬಂದ್ ಆದರೂ ಕೆಲಸಗಾರನ ದಾರಿ ಬಂದ್ ಆಗುವುದಿಲ್ಲ. ಅವನು ಮೆಟ್ಟಿಲು ಹತ್ತಿ ಮೇಲಿನವರನ್ನು ಕೇಳಬಹುದು. ಕೆಲಸ ಕೊಡುವವರು ಗುತ್ತಿಗೆದಾರನ ವಿಮೆಯ ಕಾಗದ ಕೇಳುವುದು ಯಾಕೆ ಎಂದು ಈಗ ಅರ್ಥವಾಗುತ್ತದೆ. ಅವನು ಕೊಡದಿದ್ದರೆ ಭಾರ ಅವರ ತಲೆಯ ಮೇಲೇ ಬರುತ್ತದೆ.

5. ನಮ್ಮ ಪಠ್ಯದ ತತ್ವಗಳು ಇಲ್ಲಿ ಹೇಗೆ ಕಾಣುತ್ತವೆ?

ಪರಮ ವಿಶ್ವಾಸ: ಕೆಲಸಗಾರರ ವಿಮೆಯ ಪ್ರೀಮಿಯಂ ಗುತ್ತಿಗೆದಾರ ತಿಳಿಸಿದ ಒಟ್ಟು ಕೂಲಿಯ ಮೇಲೆ ನಿಲ್ಲುತ್ತದೆ. 15 ಜನರನ್ನು ಇಟ್ಟುಕೊಂಡು 5 ಜನ ಎಂದು ಬರೆಸಿದರೆ ಪ್ರೀಮಿಯಂ ಉಳಿಯುತ್ತದೆ, ಕ್ಲೇಮ್ ಬಂದಾಗ ತೊಂದರೆಯಾಗುತ್ತದೆ.

ವಿಮಾ ಹಿತಾಸಕ್ತಿ: ಪೈಪ್‌ಲೈನ್ ಹಾಳಾದರೆ ಪುರಸಭೆಗೂ ನಷ್ಟ, ಗುತ್ತಿಗೆದಾರನಿಗೂ ನಷ್ಟ. ಆದ್ದರಿಂದಲೇ ಪಾಲಿಸಿ ಇಬ್ಬರ ಹೆಸರಿನಲ್ಲಿ.

ನಷ್ಟಭರ್ತಿ: ಆದ ನಷ್ಟದಷ್ಟೇ ಸಿಗುತ್ತದೆ. 1923ರ ಕಾಯ್ದೆಯ 12ನೇ ಕಲಂನಲ್ಲಿದ್ದ, ಕೊಟ್ಟ ಹಣವನ್ನು ಗುತ್ತಿಗೆದಾರನಿಂದ ಪಡೆಯುವ ಹಕ್ಕೂ ಇದೇ ತತ್ವದ್ದು.

ನಷ್ಟ ತಗ್ಗಿಸುವುದು: ವಿಮೆ ಇದೆ ಎಂದು ತಗ್ಗಿಗೆ ಬೇಲಿ ಕಟ್ಟದೆ, ರಾತ್ರಿ ಕೆಂಪು ದೀಪ ಇಡದೆ ಬಿಡುವಂತಿಲ್ಲ.

ಲೆಕ್ಕಶಾಸ್ತ್ರದಲ್ಲಿಯೂ ಇದಕ್ಕೆ ಜಾಗವಿದೆ. ಕಟ್ಟಿದ ಪ್ರೀಮಿಯಂ ಲಾಭ ನಷ್ಟ ಖಾತೆಯ ಖರ್ಚಿನ ಬದಿಗೆ, ಮುಂದಿನ ವರ್ಷಕ್ಕೆ ಸೇರಿದ ಭಾಗ ಮುಂಗಡ ಖರ್ಚಾಗಿ ಆಸ್ತಿಯ ಬದಿಗೆ. ತೀರ್ಮಾನವಾಗದ ಪರಿಹಾರದ ಅರ್ಜಿ ಸಂಭಾವ್ಯ ಹೊಣೆ.

6. ಸಣ್ಣ ಗುತ್ತಿಗೆದಾರನ ಮಾತು

ನಮ್ಮ ಊರಲ್ಲಿ ಸಣ್ಣ ಗುತ್ತಿಗೆದಾರರು ಹೇಳುವ ಮಾತನ್ನೂ ಕೇಳಬೇಕು. “ಬಿಲ್ ಬರೂದು ತಡ, ಸಾಲ ಮಾಡಿ ಕೆಲಸ ಮುಗಿಸ್ತೀವಿ, ಇದರಾಗ ಮತ್ತ ವಿಮೆ ಎಲ್ಲಿಂದ ತುಂಬೂದು?” ಎನ್ನುತ್ತಾರೆ. ಈ ಕಷ್ಟ ಸುಳ್ಳಲ್ಲ. ಆದರೆ ಉದಾಹರಣೆ 1ನ್ನು ಇನ್ನೊಮ್ಮೆ ನೋಡಿ. ವಿಮೆ ಇಲ್ಲದ ಸಣ್ಣ ಗುತ್ತಿಗೆದಾರನ ಮೇಲೆ 16 ಲಕ್ಷದ ಹೊಣೆ ಒಂದೇ ದಿನದಲ್ಲಿ ಬಿದ್ದರೆ ಅವನ ಮನೆಯೂ ಉಳಿಯುವುದಿಲ್ಲ, ಸತ್ತವನ ಮನೆಗೂ ಹಣ ಸೇರುವುದಿಲ್ಲ. ವಿಮೆಯ ಪ್ರೀಮಿಯಂ ಅನ್ನು ಸಿಮೆಂಟ್, ಪೈಪ್ ಹಾಗೆಯೇ ಖರ್ಚೆಂದು ಲೆಕ್ಕ ಹಿಡಿದು ಟೆಂಡರ್ ದರ ಬರೆಯಬೇಕು. ಹಾಗೆ ಬರೆಯದವನ ದರ ಕಡಿಮೆ ಕಾಣುವುದು ಅವನು ಜಾಣ ಎಂಬುದಕ್ಕಲ್ಲ. ಆ ಖರ್ಚನ್ನು ಅವನು ಕೂಲಿಯವನ ಮೈಮೇಲೆ ಹಾಕಿರುತ್ತಾನೆ.

ವಿಮೆ ನಮಗೆ ಸರಿಯೇ ಎಂಬ ಪ್ರಶ್ನೆಯೂ ನಮ್ಮಲ್ಲಿ ಕೆಲವು ಮನೆಗಳಲ್ಲಿ ಬರುತ್ತದೆ. ಅದಕ್ಕೆ ಉತ್ತರ ಹೇಳಬೇಕಾದವರು ಆಲಿಮರು, ನಾನಲ್ಲ. ನನ್ನ ತಿಳಿವಳಿಕೆ ಇಷ್ಟೇ: ಕೆಲಸಗಾರನ ಪರಿಹಾರ ಕಾನೂನಿನ ಹೊಣೆ, ನನಗೆ ವಿಮೆ ಇಷ್ಟವಿಲ್ಲ ಎಂದರೆ ಆ ಹೊಣೆ ತಪ್ಪುವುದಿಲ್ಲ. ಇನ್ನು ಕರಾರನ್ನು ಬರೆದು ಸಾಕ್ಷಿ ಇಟ್ಟುಕೊಳ್ಳುವ ವಿಷಯದಲ್ಲಂತೂ ಸಂಶಯವೇ ಇಲ್ಲ. ಕುರ್‌ಆನಿನ ಅತಿ ಉದ್ದದ ಆಯತ್ತು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತೇ ಇದೆ.

7. ನಾವು ಏನು ಮಾಡಬಹುದು?

ನಮ್ಮಲ್ಲಿ ಅನೇಕರ ಅಬ್ಬಾ, ಅಣ್ಣ, ಮಾಮ ಇಂಥ ಕೆಲಸಕ್ಕೆ ಹೋಗುತ್ತಾರೆ. ಅವರಿಗೆ ಈ ಐದು ಮಾತು ಹೇಳಿ.

(1) ಕೆಲಸ ಯಾರದು, ಗುತ್ತಿಗೆದಾರ ಯಾರು ಎಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಬೋರ್ಡ್ ಇದ್ದರೆ ಫೋಟೊ ತೆಗೆಯಿರಿ.
(2) ಯಾವ ದಿನ ಕೆಲಸ, ಎಷ್ಟು ಕೂಲಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೂಲಿ ಫೋನ್‌ಪೇಗೆ ಬಂದರೆ ಆ ದಾಖಲೆ ಅಳಿಸಬೇಡಿ.
(3) ಪೆಟ್ಟಾದರೆ ಆಸ್ಪತ್ರೆಯಲ್ಲಿ ‘ಕೆಲಸದಲ್ಲಿ ಆಯಿತು’ ಎಂದೇ ಬರೆಸಿ. ಎಲ್ಲ ಬಿಲ್ಲು ಇಟ್ಟುಕೊಳ್ಳಿ. ಮಾಲೀಕನಿಗೆ ಬರವಣಿಗೆಯಲ್ಲಿ ತಿಳಿಸಿ.
(4) ಕಾರ್ಮಿಕ ಮಂಡಳಿಯಲ್ಲಿ ನೋಂದಣಿ ಮಾಡಿಸಿ.
(5) ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬಹುದು. ವರ್ಷಕ್ಕೆ 20 ರೂ., ಅಪಘಾತದಲ್ಲಿ ಮರಣವಾದರೆ 2 ಲಕ್ಷ ರೂ. ಆದರೆ ಇದು ಮಾಲೀಕನ ಹೊಣೆಗೆ ಬದಲಿ ಅಲ್ಲ.

ಚಾಚಾ ಕೇಳಿದ ಪ್ರಶ್ನೆಗೆ ಈಗ ನನ್ನ ಹತ್ತಿರ ಉತ್ತರವಿದೆ: ಮೊದಲು ಕೆಲಸಕ್ಕೆ ಕರೆದವನು, ಅವನು ಕೊಡದಿದ್ದರೆ ಅವನ ಮೇಲಿನವನು. ಅಪಘಾತವಾಗಿ ಎರಡು ವರ್ಷ ಇನ್ನೂ ಆಗಿಲ್ಲ. ಕಳೆದ ಭಾನುವಾರ ಅವರ ಮನೆಯಲ್ಲಿ ಕುಳಿತು, ಆಸ್ಪತ್ರೆಯ ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿದೆವು. ಅರ್ಜಿಯನ್ನು ನಾನು ಹೇಳುತ್ತಾ ಹೋದೆ, ಬರೆದವಳು ಅವರ ಮಗಳು. ಅವಳ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. ಈ ವರ್ಷ ಅವಳು ಪ್ರವೇಶದ ಫಾರ್ಮ್ ತಂದಿದ್ದಾಳೆ.

ಅಭ್ಯಾಸ

1. ತಿಂಗಳಿಗೆ 14,000 ರೂ. ದುಡಿಯುವ 30 ವರ್ಷದ ವೈರ್‌ಮನ್ ಕೆಲಸದಲ್ಲಿ ತೀರಿಕೊಂಡರೆ ಪರಿಹಾರ ಎಷ್ಟು? (ಉತ್ತರ: 14,55,860 ರೂ.)
2. ತಿಂಗಳಿಗೆ 18,000 ರೂ. ದುಡಿಯುವ 40 ವರ್ಷದವನಾದರೆ? (ಉತ್ತರ: 13,81,275 ರೂ. ಯಾಕೆ ಎಂದು ವಿವರಿಸಿ.)
3. ನಿಮ್ಮ ಓಣಿಯಲ್ಲಿ ಈಗ ತಗ್ಗು ತೋಡಿದ್ದರೆ ಅಲ್ಲಿಗೆ ಹೋಗಿ ನೋಡಿ: ಬೋರ್ಡ್ ಇದೆಯೇ, ಬೇಲಿ ಇದೆಯೇ, ರಾತ್ರಿ ದೀಪ ಇದೆಯೇ? ಕಂಡದ್ದನ್ನು ಅರ್ಧ ಪುಟದಲ್ಲಿ ಬರೆದು ತನ್ನಿ.